ರಿಮ್ ತುಟಿಗೆ, ಕಪ್ ಸಂಗೀತಕ್ಕೆ: ಟ್ರಂಪೆಟ್ ಮೌತ್‌ಪೀಸ್ ಆರಿಸುವುದು ಹೇಗೆ

ಟ್ರಂಪೆಟ್ ಕಲಿಯಲು ಶುರು ಮಾಡಿ ನನಗೆ ಮೂರು ವರ್ಷ ಆಗಿತ್ತು. ಸ್ಟಾಫ್‌ನ, ಅಂದರೆ ಸ್ವರ ಬರೆಯುವ ಐದು ಗೆರೆಗಳ, ಮೇಲಿರುವ ಎ ಸ್ವರದ ತನಕ ಹೇಗೋ ಹೋಗುತ್ತಿದ್ದೆ. ಅದರಾಚೆ ತುಟಿ ಕೈಕೊಡುತ್ತಿತ್ತು. ಜೊತೆಯಲ್ಲಿ ನುಡಿಸುತ್ತಿದ್ದವರೊಬ್ಬರು "ಆಳ ಕಡಿಮೆ ಇರೋ ಮೌತ್‌ಪೀಸ್ ಹಾಕಿ ನೋಡು, ಮೇಲಿನ ಸಿ ಸಲೀಸಾಗಿ ಬರುತ್ತೆ" ಅಂದರು. ಮೌತ್‌ಪೀಸ್ ಅಂದರೆ ಟ್ರಂಪೆಟ್‌ನ ತುದಿಗೆ ಸಿಕ್ಕಿಸಿ, ತುಟಿ ಇಟ್ಟು ಊದುವ ತುಂಡು. ತಂದು ಹಾಕಿದೆ. ಮೊದಲ ನಾಲ್ಕು ದಿನ ನಿಜಕ್ಕೂ ಬಂತು. ಆ ಖುಷಿ ಇನ್ನೂ ನೆನಪಿದೆ.

ಎರಡನೇ ವಾರಕ್ಕೆ ಕೆಳಗಿನ ಸ್ವರಗಳು ತೆಳ್ಳಗಾದವು. ಶ್ರುತಿ ಏರುತ್ತಾ ಹೋಯಿತು. ಅರ್ಧ ಗಂಟೆ ನುಡಿಸುವಷ್ಟರಲ್ಲಿ ತುಟಿ ಮೌತ್‌ಪೀಸ್ ಒಳಗಿನ ಬಟ್ಟಲಿನ, ಅಂದರೆ ಕಪ್‌ನ, ತಳಕ್ಕೆ ತಾಗಿ ನಾದ ತಟ್ಟನೆ ನಿಂತುಬಿಡುತ್ತಿತ್ತು. ಕೊನೆಗೆ ಮೇಲಿನ ಸಿ ಕೂಡ ಹೋಯಿತು. ಹಳೆಯ ಮೌತ್‌ಪೀಸ್‌ಗೆ ವಾಪಸ್ ಬಂದು ಮೊದಲಿನ ಹಾಗೆ ನುಡಿಸಲು ಒಂದು ತಿಂಗಳು ಹಿಡಿಯಿತು.

ಮೌತ್‌ಪೀಸ್ ಯಾರಿಗೂ ಎತ್ತರದ ಸ್ವರ ತಂದುಕೊಡುವುದಿಲ್ಲ. ಅದು ಮಾಡುವ ಕೆಲಸ ಬೇರೆ. ನಾದದ ಬಣ್ಣ ಬದಲಿಸುತ್ತದೆ. ತುಟಿಯ ಆಯಾಸ ಹೆಚ್ಚು ಕಡಿಮೆ ಮಾಡುತ್ತದೆ. ಶ್ರುತಿಯನ್ನು ಆಚೀಚೆ ಎಳೆಯುತ್ತದೆ. ಹಾಗಾಗಿ ಆರಿಸುವಾಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ. ನನ್ನ ತುಟಿಗೆ, ಹಲ್ಲಿಗೆ ಯಾವ ರಿಮ್ ಹೊಂದುತ್ತದೆ? ನಾನು ನುಡಿಸುವ ಸಂಗೀತಕ್ಕೆ ಯಾವ ಕಪ್ ಬೇಕು? ಈ ಎರಡನ್ನೂ ಒಂದೇ ಪ್ರಶ್ನೆ ಮಾಡಿಕೊಂಡಾಗಲೇ ಡ್ರಾಯರ್ ತುಂಬಾ ಮೌತ್‌ಪೀಸ್ ಸೇರಿಕೊಳ್ಳುವುದು.

ರಿಮ್: ಮೊದಲು ಇದನ್ನು ಇತ್ಯರ್ಥ ಮಾಡಿ

ತುಟಿಗೆ ತಾಗುವ ಉಂಗುರವೇ ರಿಮ್. ಟ್ರಂಪೆಟ್ ಮೌತ್‌ಪೀಸ್‌ಗಳ ಒಳವ್ಯಾಸ ಸಾಮಾನ್ಯವಾಗಿ 15.5ರಿಂದ 17.5 ಮಿಲಿಮೀಟರ್ ಒಳಗೇ ಇರುತ್ತದೆ. ಬರೀ ಎರಡು ಮಿಲಿಮೀಟರ್ ವ್ಯತ್ಯಾಸ. ಆದರೆ ತುಟಿಗೆ ಅದರ ಕಾಲು ಭಾಗ ಬದಲಾದರೂ ಗೊತ್ತಾಗುತ್ತದೆ.

ವ್ಯಾಸ ದೊಡ್ಡದಾದರೆ ತುಟಿಯ ಹೆಚ್ಚು ಭಾಗ ಅದುರುತ್ತದೆ. ನಾದ ತುಂಬಿಕೊಂಡು ಬರುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು ಸುಲಭ. ಆದರೆ ಅಷ್ಟು ತುಟಿಯನ್ನು ಹಿಡಿದು ನಿಲ್ಲಿಸಲು ಸ್ನಾಯುವಿಗೆ ಶಕ್ತಿ ಬೇಕು, ಉಸಿರೂ ಜಾಸ್ತಿ ಬೇಕು. ವ್ಯಾಸ ಚಿಕ್ಕದಾದರೆ ಆಯಾಸ ಕಡಿಮೆ, ಮೇಲಿನ ಸ್ವರಗಳಲ್ಲಿ ತುಸು ಆಸರೆ ಸಿಗುತ್ತದೆ. ಆದರೆ ತುಟಿಗೆ ಜಾಗ ಸಾಲದೆ ನಾದ ಹಿಂಡಿದ ಹಾಗೆ ಕೇಳಬಹುದು.

ತುಟಿ ದಪ್ಪ ಇರುವವರು ಒಂದು ವಿಷಯ ಗಮನಿಸಬೇಕು. ರಿಮ್‌ನ ಒಳ ಅಂಚು ಮೇಲಿನ ತುಟಿಯ ಕೆಂಪು ಭಾಗದ ಮೇಲೆ ಕೂತರೆ ಕಷ್ಟ. ಆ ಭಾಗ ತುಂಬಾ ಮೃದು, ಒತ್ತಡ ತಡೆಯುವುದಿಲ್ಲ, ಬೇಗ ಬಾತುಕೊಳ್ಳುತ್ತದೆ. ಕನ್ನಡಿ ಮುಂದೆ ನಿಂತು, ಮೌತ್‌ಪೀಸ್ ಇಟ್ಟು ತೆಗೆದು, ಉಳಿದ ಗುರುತನ್ನು ನೋಡಿ. ಗುರುತು ಕೆಂಪು ಭಾಗದ ಒಳಗೇ ಬಿದ್ದಿದ್ದರೆ ಒಂದು ಅಳತೆ ದೊಡ್ಡದಕ್ಕೆ ಹೋಗಿ ನೋಡುವುದು ಒಳ್ಳೆಯದು. ತೆಳು ತುಟಿಯವರಿಗೆ ಚಿಕ್ಕದೇ ಆಗಬೇಕು ಅಂತ ನಿಯಮವೇನಿಲ್ಲ. ಹಲ್ಲಿನ ಜೋಡಣೆ, ದವಡೆ ಎಷ್ಟು ಮುಂದೆ ಬರುತ್ತದೆ, ರಿಮ್ ಎಲ್ಲಿ ಕೂರುತ್ತದೆ, ಎಲ್ಲವೂ ಇದರಲ್ಲಿ ಸೇರುತ್ತವೆ.

ವ್ಯಾಸದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಅನುಭವದಲ್ಲಿ ರಿಮ್‌ನ ಆಕಾರವೂ ಅಷ್ಟೇ ಮುಖ್ಯ. ಒಳ ಅಂಚು ಚೂಪಾಗಿದ್ದರೆ ಸ್ವರದ ಆರಂಭ ಸ್ಪಷ್ಟವಾಗಿ, ಕತ್ತರಿಸಿದಂತೆ ಬರುತ್ತದೆ. ತುಟಿ ಅಲ್ಲೇ ಕಚ್ಚಿ ನಿಲ್ಲುತ್ತದೆ. ಹೆಚ್ಚು ಹೊತ್ತು ನುಡಿಸಿದರೆ ನೋಯುತ್ತದೆ. ಅಂಚು ದುಂಡಗಿದ್ದರೆ ಹಿತವಾಗಿರುತ್ತದೆ, ಸ್ಲರ್‌ಗಳು, ಅಂದರೆ ನಾಲಿಗೆ ತಾಗಿಸದೆ ಸ್ವರದಿಂದ ಸ್ವರಕ್ಕೆ ಜಾರುವುದು, ನಯವಾಗಿ ಬರುತ್ತವೆ, ಸ್ವರದ ಆರಂಭ ಮಾತ್ರ ಸ್ವಲ್ಪ ಮಸುಕು. ರಿಮ್ ಅಗಲವಾಗಿ ಚಪ್ಪಟೆಯಾಗಿದ್ದರೆ ಒತ್ತಡ ಹರಡಿಹೋಗುತ್ತದೆ, ಬಹಳ ಹೊತ್ತು ನುಡಿಸಬಹುದು. ಆದರೆ ತುಟಿ ಅಲುಗಾಡಲು ಬಿಡುವುದಿಲ್ಲ, ದೊಡ್ಡ ಜಿಗಿತಗಳು ಭಾರವಾಗುತ್ತವೆ. ಕಿರಿದಾಗಿ ದುಂಡಗಿದ್ದರೆ ಇದಕ್ಕೆ ತದ್ವಿರುದ್ಧ. ಜೋರಾಗಿ ಒತ್ತಿ ನುಡಿಸುವ ಅಭ್ಯಾಸ ಇರುವವರಿಗೆ ಕಿರಿದಾದ ರಿಮ್ ಶಿಕ್ಷೆಯೇ ಸರಿ.

ಕಪ್: ಶೈಲಿ ತೀರ್ಮಾನವಾಗುವುದು ಇಲ್ಲಿ

ರಿಮ್‌ನ ಕೆಳಗಿನ ಬಟ್ಟಲೇ ಕಪ್. ಕೆಲವು ಬಟ್ಟಲಿನ ಹಾಗೆ ದುಂಡಗಿರುತ್ತವೆ, ಕೆಲವು ಲಾಳಿಕೆಯ ಹಾಗೆ ಇಳಿಜಾರಾಗಿರುತ್ತವೆ. ಹೆಚ್ಚಿನವು ಈ ಎರಡರ ನಡುವೆ ಎಲ್ಲೋ ಇರುತ್ತವೆ.

ಆಳ ಕಡಿಮೆ ಇದ್ದರೆ ನಾದದಲ್ಲಿ ಮೇಲಿನ ಹಾರ್ಮೋನಿಕ್‌ಗಳು, ಅಂದರೆ ಮುಖ್ಯ ಸ್ವರದ ಜೊತೆಗೇ ಹುಟ್ಟುವ ಎತ್ತರದ ಸ್ವರಗಳು, ಎದ್ದು ಕೇಳುತ್ತವೆ. ಹೊಳಪು, ಖಣಖಣ, ಗದ್ದಲದ ನಡುವೆಯೂ ತೂರಿಕೊಂಡು ಹೋಗುವ ಗುಣ. ಆಳ ಜಾಸ್ತಿ ಆದಂತೆ ಅವು ಹಿಂದೆ ಸರಿಯುತ್ತವೆ. ನಾದ ದುಂಡಗಾಗುತ್ತದೆ, ಬೆಚ್ಚಗಾಗುತ್ತದೆ. ಲಾಳಿಕೆಯಾಕಾರದ ಆಳದ ಕಪ್‌ನಲ್ಲಿ ಇನ್ನೂ ಮೆತ್ತಗೆ, ಸ್ವಲ್ಪ ಮಬ್ಬಾಗಿ ಬರುತ್ತದೆ.

ಶ್ರುತಿಯೂ ಇದರ ಜೊತೆಗೇ ಬದಲಾಗುತ್ತದೆ. ಕಪ್‌ನ ಗಾತ್ರ ಕಡಿಮೆ ಆದರೆ ಮುಖ್ಯವಾಗಿ ಮೇಲಿನ ಸ್ವರಗಳು ಏರುತ್ತವೆ. ಗಾತ್ರ ಜಾಸ್ತಿ ಆದರೆ ಅವೇ ಸ್ವರಗಳು ಇಳಿಯುತ್ತವೆ. ಶ್ರುತಿ ಹೊಂದಿಸುವ ಕೊಳವೆ, ಅಂದರೆ ಟ್ಯೂನಿಂಗ್ ಸ್ಲೈಡ್, ಎಳೆದು ಸರಿ ಮಾಡಬಹುದು ಅಂದುಕೊಂಡರೆ ತಪ್ಪು. ಸ್ಲೈಡ್ ಎಲ್ಲ ಸ್ವರಗಳನ್ನೂ ಇಳಿಸುತ್ತದೆ. ಮೇಲಿನವು ಮಾತ್ರ ಏರಿದ್ದರೆ ಕೆಳಗಿನವು ಕೆಡುತ್ತವೆ. ನನ್ನ ಆ ಎರಡು ವಾರಗಳಲ್ಲಿ ಆದದ್ದು ಇದೇ.

ಇದನ್ನು ಕಿವಿಯಾರೆ ಕೇಳುವ ಸುಲಭ ದಾರಿ ಇದೆ. ಮೌತ್‌ಪೀಸನ್ನು ವಾದ್ಯದಿಂದ ತೆಗೆದು ಕೈಯಲ್ಲಿ ಹಿಡಿದು, ರಿಮ್ ಮೇಲೆ ಅಂಗೈಯಿಂದ ಮೆಲ್ಲಗೆ ತಟ್ಟಿ. 'ಟಪ್' ಅಂತ ಒಂದು ಸ್ವರ ಕೇಳುತ್ತದೆ. ಆಳದ ಕಪ್‌ನಲ್ಲಿ ಆ ಸ್ವರ ತಗ್ಗು, ಆಳ ಕಡಿಮೆ ಇದ್ದರೆ ಎತ್ತರ. ವಾದ್ಯಕ್ಕೆ ಹಾಕಿಕೊಂಡು ಮಾತ್ರ ಹೀಗೆ ತಟ್ಟಬೇಡಿ. ಮೌತ್‌ಪೀಸ್ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಥ್ರೋಟ್, ಬ್ಯಾಕ್‌ಬೋರ್

ಕಪ್‌ನ ತಳದ ತೂತು ಥ್ರೋಟ್. ಅದರ ನಂತರ ಅಗಲವಾಗುತ್ತಾ ಹೋಗುವ ದಾರಿ ಬ್ಯಾಕ್‌ಬೋರ್. ಬಾಖ್ ಕಂಪನಿಯ ಮೌತ್‌ಪೀಸ್‌ಗಳಲ್ಲಿ ಸಾಮಾನ್ಯವಾಗಿ 27 ನಂಬರಿನ ಡ್ರಿಲ್ ಅಳತೆಯ ಥ್ರೋಟ್ ಇರುತ್ತದೆ, ಅಂದರೆ ಸುಮಾರು 3.66 ಮಿಲಿಮೀಟರ್. ಡ್ರಿಲ್ ನಂಬರ್ ಇಳಿದಂತೆ ತೂತು ದೊಡ್ಡದಾಗುತ್ತದೆ. 24 ನಂಬರ್ ಅಂದರೆ ಸುಮಾರು 3.86 ಮಿಲಿಮೀಟರ್.

ತೂತು ದೊಡ್ಡದಾದರೆ ತಡೆ ಕಡಿಮೆ, ನಾದ ದೊಡ್ಡದು, ಉಸಿರು ಬೇಗ ಖಾಲಿ. ಬ್ಯಾಕ್‌ಬೋರ್ ಕಿರಿದಾದರೆ ನಾದ ಮೊನಚು, ಅಗಲವಾದರೆ ಹರವು. ಕಲಿಯುವವರು ಸದ್ಯಕ್ಕೆ ಇಷ್ಟು ತಿಳಿದರೆ ಸಾಕು. ಇವನ್ನು ಮುಟ್ಟಲು ಹೋಗಬೇಡಿ. ಒಮ್ಮೆ ಕೊರೆದ ತೂತನ್ನು ಮತ್ತೆ ಚಿಕ್ಕದು ಮಾಡಲು ಆಗುವುದಿಲ್ಲ.

ನಂಬರ್ ಓದುವುದು

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಎರಡು ಪದ್ಧತಿಗಳು ಬಳಕೆಯಲ್ಲಿವೆ. ಒಂದಕ್ಕೊಂದು ಉಲ್ಟಾ.

ಬಾಖ್ ಪದ್ಧತಿಯಲ್ಲಿ ನಂಬರ್ ಚಿಕ್ಕದಾದಂತೆ ವ್ಯಾಸ ದೊಡ್ಡದು. ಕಂಪನಿಯ ಪಟ್ಟಿಯ ಪ್ರಕಾರ 7ಸಿ 16.20, 5ಸಿ 16.25, 3ಸಿ 16.30, 1½ಸಿ 17.00 ಮಿಲಿಮೀಟರ್. ಅಕ್ಷರ ಕಪ್‌ನ ಆಳ ಹೇಳುತ್ತದೆ. ಎ ತುಂಬಾ ಆಳ, ಸಿ ಮಧ್ಯಮ, ಡಿ, ಇ, ಎಫ್ ಅಂತ ಹೋದಂತೆ ಆಳ ಕಡಿಮೆ. ವಿನ್ಸೆಂಟ್ ಬಾಖ್ ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಟ್ರಂಪೆಟ್ ವಾದಕರು, ಎಂಜಿನಿಯರಿಂಗ್ ಓದಿದವರು. ಪ್ರವಾಸದಲ್ಲಿದ್ದಾಗ ಅವರ ಮೌತ್‌ಪೀಸನ್ನು ರಿಪೇರಿ ಮಾಡುವವರು ಕೆಡಿಸಿಬಿಟ್ಟರಂತೆ. ಆಗ ತಾವೇ ಮಾಡಿಕೊಳ್ಳಲು ಹೊರಟು, 1918ರಲ್ಲಿ ನ್ಯೂಯಾರ್ಕ್‌ನಲ್ಲಿ ಮೌತ್‌ಪೀಸ್ ತಯಾರಿಸಲು ಶುರು ಮಾಡಿದರು. ಇವತ್ತಿಗೂ ಬೇರೆ ಕಂಪನಿಗಳು "ನಮ್ಮದು 3ಸಿ ಥರ" ಅಂತ ಅವರ ನಂಬರನ್ನೇ ಇಟ್ಟುಕೊಂಡು ಹೇಳುತ್ತವೆ.

ಶಿಲ್ಕೆ ಮತ್ತು ಯಮಾಹಾ ಪದ್ಧತಿಯಲ್ಲಿ ನಂಬರ್ ದೊಡ್ಡದಾದಂತೆ ವ್ಯಾಸ ದೊಡ್ಡದು, ಎ ಅಂದರೆ ಆಳ ಕಡಿಮೆ, ಇ ಅಂದರೆ ಆಳ ಜಾಸ್ತಿ. ಯಮಾಹಾ 11ಬಿ4 ತೆಗೆದುಕೊಳ್ಳಿ. 11 ವ್ಯಾಸದ ಅಳತೆ, 16.46 ಮಿಲಿಮೀಟರ್. ಬಿ ಕಪ್‌ನ ಆಳ. 4 ರಿಮ್‌ನ ಆಕಾರ. ಅದು 1ರ ಕಡೆ ಇದ್ದರೆ ದುಂಡು, 5ರ ಕಡೆ ಇದ್ದರೆ ಚಪ್ಪಟೆ. 14ಎ4ಎ ಅನ್ನುವಾಗ ಕೊನೆಗೆ ಬರುವ ಸಣ್ಣ ಅಕ್ಷರ ಬ್ಯಾಕ್‌ಬೋರ್‌ನದು, ಅಲ್ಲಿ ಎ ಅಂದರೆ ಕಿರಿದು. ಈ ಪದ್ಧತಿ ರೂಪಿಸಿದ ರೆನಾಲ್ಡ್ ಶಿಲ್ಕೆ ಶಿಕಾಗೋ ಸಿಂಫನಿ ಆರ್ಕೆಸ್ಟ್ರಾದಲ್ಲಿ ಟ್ರಂಪೆಟ್ ನುಡಿಸಿದವರು. 1956ರಲ್ಲಿ ಅದೇ ಊರಲ್ಲಿ ಸ್ವಂತ ಕಂಪನಿ ಕಟ್ಟಿದರು. ಒಂದೇ ನಂಬರಿನಲ್ಲಿ ನಾಲ್ಕು ವಿಷಯ ಹೇಳುವ ಇವರ ಪದ್ಧತಿಯೇ ನನಗೆ ಹೆಚ್ಚು ಇಷ್ಟ.

ಒಂದು ಎಚ್ಚರಿಕೆ. ಒಳವ್ಯಾಸವನ್ನು ರಿಮ್‌ನಿಂದ ಎಷ್ಟು ಕೆಳಗೆ ಅಳೆಯಬೇಕು ಅನ್ನುವುದರಲ್ಲಿ ಕಂಪನಿಗಳಿಗೆ ಒಮ್ಮತ ಇಲ್ಲ. ಆದ್ದರಿಂದ ಒಂದು ಕಂಪನಿಯ 16.5, ಇನ್ನೊಂದರ 16.5 ತುಟಿಗೆ ಒಂದೇ ಆಗಿರಬೇಕಿಲ್ಲ. ಪಟ್ಟಿ ನೋಡಿ ಹತ್ತಿರದ ಮೂರನ್ನು ಆರಿಸಿಕೊಳ್ಳಿ. ತೀರ್ಮಾನ ತುಟಿಗೆ ಬಿಡಿ.

ಕಲಿಯುವವರಿಗೆ: 7ಸಿ, 5ಸಿ, 3ಸಿ

ಹೊಸ ಟ್ರಂಪೆಟ್ ಜೊತೆ ಸಾಮಾನ್ಯವಾಗಿ ಬರುವುದು 7ಸಿ ಅಥವಾ ಯಮಾಹಾ 11ಬಿ4. ಮೊದಲ ವರ್ಷ ಅದನ್ನೇ ಇಟ್ಟುಕೊಳ್ಳಿ. ತುಟಿಯ ಸ್ನಾಯು ಇನ್ನೂ ರೂಪ ಪಡೆಯುತ್ತಿರುವಾಗ ಪದೇ ಪದೇ ಮೌತ್‌ಪೀಸ್ ಬದಲಿಸಿದರೆ ಅದಕ್ಕೆ ನೆಲೆ ಸಿಗುವುದಿಲ್ಲ. ಹಲ್ಲಿಗೆ ತಂತಿ ಹಾಕಿಸಿಕೊಂಡ ಮಕ್ಕಳಿಗೆ, ಕೆಂಪು ಭಾಗದ ಮೇಲೆ ರಿಮ್ ಕೂರುವವರಿಗೆ ಮಾತ್ರ ಬೇಗ ಬದಲಾವಣೆ ಬೇಕಾಗಬಹುದು.

7ಸಿ ಕೆಟ್ಟದ್ದು, ಬರೀ ಮಕ್ಕಳದ್ದು ಅನ್ನುವ ಮಾತು ನಂಬಬೇಡಿ. ಅದರಲ್ಲಿ ಒಳ್ಳೆಯ ನಾದ ಹೊರಡಿಸುವ ಅನುಭವಿಗಳಿದ್ದಾರೆ. ಅದರ ಒಳ ಅಂಚು ಸ್ವಲ್ಪ ಚೂಪು, ಅದೇ ಕೆಲವರಿಗೆ ಕಾಟ ಕೊಡುವುದು. 3ಸಿಯ ಅಂಚು ಅದಕ್ಕಿಂತ ಮೃದು. ವ್ಯಾಸದಲ್ಲಿ ಪಟ್ಟಿಯ ಪ್ರಕಾರ ಇರುವ ವ್ಯತ್ಯಾಸ 0.10 ಮಿಲಿಮೀಟರ್, ಒಂದು ಕೂದಲಿನ ದಪ್ಪ. "3ಸಿಗೆ ಬಂದೆ, ಎಷ್ಟೊಂದು ಆರಾಮ" ಅಂತ ಹೇಳುವವರಿಗೆ ಸಿಕ್ಕ ಆರಾಮ ಹೆಚ್ಚಾಗಿ ರಿಮ್‌ನ ಆಕಾರದಿಂದ ಬಂದದ್ದು. 5ಸಿ ಇವೆರಡರ ನಡುವಿನದು. 7ಸಿಯಲ್ಲಿ ಒಂದು ವರ್ಷ ನುಡಿಸಿ ಅಂಚು ಕೊರೆಯುತ್ತಿದೆ ಅನ್ನಿಸಿದವರಿಗೆ ನಾನು ಮೊದಲು ಇದನ್ನೇ ಹೇಳುತ್ತೇನೆ.

ಆರ್ಕೆಸ್ಟ್ರಾ

ಇಲ್ಲಿ ಬೇಕಾಗುವುದು ದೂರದ ಸೀಟಿನ ತನಕ ತುಂಬಿಕೊಳ್ಳುವ, ಜೋರಾದರೂ ಕರ್ಕಶವಾಗದ ನಾದ. ಟ್ರಾಂಬೋನ್, ಹಾರ್ನ್‌ಗಳ ಜೊತೆ ಬೆರೆಯಬೇಕು. ಆಮೇಲೆ ತುಂಬಾ ಹೊತ್ತು ಸುಮ್ಮನೆ ಕೂತಿದ್ದು, ತಟ್ಟನೆ ಒಂದು ಮೆಲುವಾದ ಸ್ವರವನ್ನು ಸರಿಯಾಗಿ ಹಿಡಿಯಬೇಕು. ಗಂಟೆಗಟ್ಟಲೆ ಬಿಡದೆ ಎತ್ತರದಲ್ಲಿ ನುಡಿಸುವ ಕೆಲಸ ಕಡಿಮೆ. ಆದ್ದರಿಂದ ದೊಡ್ಡ ರಿಮ್‌ನ ದಣಿವನ್ನು ಇಲ್ಲಿ ತಾಳಿಕೊಳ್ಳಬಹುದು.

ಬಾಖ್ 1½ಸಿ, 1¼ಸಿ, 1ಸಿ ಇಲ್ಲಿನ ಹಳೆಯ ಪರಿಚಿತರು. ಯಮಾಹಾದಲ್ಲಾದರೆ 16ಸಿ4, ಅದರ ವ್ಯಾಸವೂ 17 ಮಿಲಿಮೀಟರ್ ಹತ್ತಿರದ್ದು. ಬಾಖ್ ಪದ್ಧತಿಯಲ್ಲಿ ಹೇಳುವುದಾದರೆ ಕಪ್ ಸಿ ಅಥವಾ ಅದಕ್ಕಿಂತ ಆಳದ ಬಿ. ಕೆಲವರು ಥ್ರೋಟನ್ನು 24ಕ್ಕೆ ಕೊರೆಸಿ, 24 ನಂಬರಿನ ಅಗಲ ಬ್ಯಾಕ್‌ಬೋರ್ ಜೊತೆ ಸೇರಿಸುತ್ತಾರೆ. ನಾದ ನಿಜಕ್ಕೂ ದೊಡ್ಡದಾಗುತ್ತದೆ. ಆದರೆ ದಿನಕ್ಕೆ ಮೂರು ನಾಲ್ಕು ಗಂಟೆ ನುಡಿಸುವ ತುಟಿ ಇರುವವರಿಗೆ ಮಾತ್ರ ಇದು. ವಾರಕ್ಕೆ ಎರಡು ದಿನ ನುಡಿಸುವವರು ಇದನ್ನು ಹಿಡಿದರೆ ಅರ್ಧ ಕಾರ್ಯಕ್ರಮಕ್ಕೇ ಸುಸ್ತಾಗುತ್ತಾರೆ. ಅವರಿಗೆ 3ಸಿ ಸಾಕು, ಚೆನ್ನಾಗಿಯೇ ಒಪ್ಪುತ್ತದೆ.

ಶಿಕಾಗೋ ಸಿಂಫನಿಯಲ್ಲಿ 1948ರಿಂದ 2001ರ ತನಕ ನುಡಿಸಿದ ಅಡಾಲ್ಫ್ ಹರ್ಸೆತ್ ಅವರ ಕಥೆ ಈ ಮಾತು ಬಂದಾಗಲೆಲ್ಲ ನೆನಪಾಗುತ್ತದೆ. 1952ರಲ್ಲಿ ಕಾರು ಅಪಘಾತದಲ್ಲಿ ಅವರ ತುಟಿ, ಹಲ್ಲಿಗೆ ಪೆಟ್ಟಾಯಿತು. ವಾಪಸ್ ಬಂದಾಗ ಮೊದಲಿಗಿಂತ ದೊಡ್ಡ ಮೌತ್‌ಪೀಸ್ ಹಿಡಿದರು. ಅವರ ನಾದ ಕೇಳಿದವರು ದೊಡ್ಡದರ ಹಿಂದೆ ಬಿದ್ದರು. ಅವರು ಅದನ್ನು ಹಿಡಿದದ್ದು ಗಾಯವಾದ ತಮ್ಮ ತುಟಿಗೆ ಹೊಂದಿಸಿಕೊಳ್ಳಲು ಅನ್ನುವುದನ್ನು ಮರೆಯಬಾರದು.

ಬಿಗ್ ಬ್ಯಾಂಡ್‌ನ ಲೀಡ್ ಟ್ರಂಪೆಟ್

ಬಿಗ್ ಬ್ಯಾಂಡ್ ಅಂದರೆ ದೊಡ್ಡ ಜಾಜ್ ತಂಡ, ಲೀಡ್ ಅಂದರೆ ಅದರ ಮುಖ್ಯ ಟ್ರಂಪೆಟ್. ಇದು ಪೂರ್ತಿ ಬೇರೆ ಕೆಲಸ. ಸ್ಯಾಕ್ಸೊಫೋನ್, ಟ್ರಾಂಬೋನ್, ಡ್ರಮ್ಸ್ ಎಲ್ಲದರ ಮೇಲೆ ಲೀಡ್ ಕೇಳಬೇಕು. ಮೇಲಿನ ಸಿಯಿಂದ ಅದರ ಮೇಲಿನ ಜಿ ತನಕ ಸಂಜೆಯಿಡೀ ಓಡಾಡಬೇಕು. ಇಲ್ಲಿ ಆಳ ಕಡಿಮೆ ಇರುವ ಕಪ್, ಕಿರಿದಾದ ಬ್ಯಾಕ್‌ಬೋರ್ ನಿಜಕ್ಕೂ ಸಹಾಯ ಮಾಡುತ್ತವೆ. ಶಿಲ್ಕೆಯ 14ಎ4ಎ ಈ ಕೆಲಸಕ್ಕೆ ಹೆಸರಾದದ್ದು. ಯಮಾಹಾದಲ್ಲೂ ಅದೇ ನಂಬರಿನದು ಸಿಗುತ್ತದೆ.

ಎತ್ತರದ ಸ್ವರ ಇದರಿಂದ ಬರುವುದಿಲ್ಲ ಅಂತ ಮೊದಲೇ ಹೇಳಿದೆ. ಹಾಗಾದರೆ ಸಹಾಯ ಯಾವ ಬಗೆಯದು? ಈಗಾಗಲೇ ಬರುವ ಸ್ವರ ಕಡಿಮೆ ಶ್ರಮದಲ್ಲಿ ಹೊಳೆಯುತ್ತದೆ. ಹಾಲ್‌ನಲ್ಲಿ ಕೇಳಿಸಲು ಅಷ್ಟು ಜೋರು ಊದಬೇಕಾಗಿಲ್ಲ. ಆ ಉಳಿತಾಯ ಮೂರನೇ ಗಂಟೆಯಲ್ಲಿ ಗೊತ್ತಾಗುತ್ತದೆ. ಆಳದ ಕಪ್‌ನಲ್ಲಿ ಮೇಲಿನ ಸಿ ಗಟ್ಟಿಯಾಗಿ ಬರದವರಿಗೆ ಉಳಿಸಲು ಏನೂ ಇರುವುದಿಲ್ಲ.

ವ್ಯಾಸವನ್ನೂ ಚಿಕ್ಕದು ಮಾಡಲೇಬೇಕೆಂದಿಲ್ಲ. 14ಎ4ಎಯ ವ್ಯಾಸ 17 ಮಿಲಿಮೀಟರ್‌ಗೆ ಹತ್ತಿರವೇ. ಅದು 3ಸಿಗಿಂತ ದೊಡ್ಡದು! ಚಿಕ್ಕದಾಗಿರುವುದು ಕಪ್ ಮಾತ್ರ. ಇದನ್ನು ತಿಳಿದ ದಿನ ನನಗೆ ಬಹಳ ವಿಷಯ ತಿಳಿಯಾಯಿತು. ಆದರೆ ತುಟಿ ಮುಂದಕ್ಕೆ ಚಾಚಿ ನುಡಿಸುವವರು ಎಚ್ಚರವಾಗಿರಬೇಕು. ದಣಿದಾಗ ತುಟಿ ಬಾತು ಕಪ್‌ನ ತಳ ಮುಟ್ಟುತ್ತದೆ, ಅದುರುವುದು ನಿಲ್ಲುತ್ತದೆ. ಹೀಗಾದರೆ ಆಳವನ್ನು ಒಂದು ಹೆಜ್ಜೆ ಹೆಚ್ಚಿಸಿ, ಬ್ಯಾಕ್‌ಬೋರ್ ಮಾತ್ರ ಕಿರಿದಾಗಿರುವುದನ್ನು ಹುಡುಕಿ.

ಹಳೆಯ ಸ್ವಿಂಗ್ ಜಾಜ್ ದಿನಗಳ ಟ್ರಂಪೆಟ್ ವಾದಕ ಹ್ಯಾರಿ ಜೇಮ್ಸ್ ಬಳಸುತ್ತಿದ್ದ ಪಾರ್ಡೂಬಾ ಮೌತ್‌ಪೀಸ್‌ನಲ್ಲಿ ಕಪ್ ಒಳಗೆ ಇನ್ನೊಂದು ಕಪ್ ಇತ್ತು. ಮೇಲೆ ತಟ್ಟೆಯ ಹಾಗೆ ಒಂದು, ಅದರ ನಡುವೆ ಕೆಳಗೆ ಇನ್ನೊಂದು. ಈಗ ಅಂಥವು ಅಪರೂಪ. ಸಿಕ್ಕರೆ ಒಮ್ಮೆ ಊದಿ ನೋಡುವಂಥದ್ದು.

ಜಾಜ್ ಸೋಲೋ, ಚಿಕ್ಕ ತಂಡ

ನಾಲ್ಕೈದು ಜನರ ತಂಡದಲ್ಲಿ, ಮೈಕ್ ಮುಂದೆ, ಯಾರ ಮೇಲೂ ಕೂಗಬೇಕಾಗಿಲ್ಲ. ಇಲ್ಲಿ ನಿಮ್ಮ ದನಿಯೇ ಎಲ್ಲ. ಜಾಜ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಬಳಸಿದ ಹೈಮ್ ಮಾದರಿಯ ಮೌತ್‌ಪೀಸ್ ಲಾಳಿಕೆಯಾಕಾರದ ಆಳದ್ದು. ಆ ಒಂಟಿಯಾದ, ಪಿಸುಮಾತಿನಂಥ ನಾದಕ್ಕೆ ಅದು ಒಪ್ಪುತ್ತಿತ್ತು. ವೇಗವಾಗಿ, ಚುರುಕಾಗಿ, ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳಬೇಕು ಅನ್ನುವವರಿಗೆ ಅದು ಭಾರವಾಗಬಹುದು. ಅವರಿಗೆ ಮಧ್ಯಮ ಸಿ ಕಪ್, ಅಂಚು ತುಸು ಚೂಪಾಗಿರುವ ರಿಮ್ ಚೆನ್ನ.

ಈ ಶೈಲಿಯಲ್ಲಿ ನಿಯಮಗಳು ಸಡಿಲ. ಕಣ್ಣು ಮುಚ್ಚಿ, ನಿಮಗೆ ಬೇಕಾದ ನಾದವನ್ನು ಮನಸ್ಸಲ್ಲಿ ಕೇಳಿಸಿಕೊಳ್ಳಿ. ಅದಕ್ಕೆ ಹತ್ತಿರ ಬರುವ ಮೌತ್‌ಪೀಸ್ ಯಾವ ನಂಬರಿನದಾದರೂ ಆಗಲಿ.

ಎಲ್ಲವನ್ನೂ ನುಡಿಸುವವರಿಗೆ

ಇವತ್ತು ಆರ್ಕೆಸ್ಟ್ರಾ, ನಾಳೆ ಮದುವೆ ಬ್ಯಾಂಡ್, ಭಾನುವಾರ ಚರ್ಚ್. ಬಹುಪಾಲು ವಾದಕರ ಬದುಕು ಹೀಗೇ ಅಲ್ವಾ? ಇಂಥವರಿಗೆ ಎರಡು ದಾರಿ.

ಮೊದಲನೆಯದು, 3ಸಿಯಂಥ ನಡುವಿನ ಒಂದನ್ನೇ ಹಿಡಿದು, ಬಣ್ಣ ಬದಲಿಸುವ ಕೆಲಸವನ್ನು ಉಸಿರು, ನಾಲಿಗೆಗೆ ಬಿಡುವುದು. ಇದು ಕೇಳಲು ಸಪ್ಪೆ, ಆದರೆ ಕಲಿಕೆಗೆ ಬಹಳ ಒಳ್ಳೆಯದು. ಬಾಯಿಯೊಳಗೆ ನಾಲಿಗೆ ಎಲ್ಲಿರುತ್ತದೆ ಅನ್ನುವುದರಿಂದಲೇ ನಾದ ಎಷ್ಟು ಬದಲಾಗುತ್ತದೆ ಅಂತ ಇದರಲ್ಲಿ ಗೊತ್ತಾಗುತ್ತದೆ.

ಎರಡನೆಯದು, ಒಂದೇ ರಿಮ್, ಎರಡು ಕಪ್. ರಿಮ್ ಅಥವಾ ಕಪ್ ತಿರುಗಿಸಿ ಬಿಚ್ಚುವಂಥ ಮೌತ್‌ಪೀಸ್‌ಗಳು ಸಿಗುತ್ತವೆ. ವಾರ್ಬರ್ಟನ್ ಕಂಪನಿಯವುಗಳಲ್ಲಿ ರಿಮ್ ಮತ್ತು ಕಪ್ ಒಂದು ತುಂಡು, ಬ್ಯಾಕ್‌ಬೋರ್ ಇನ್ನೊಂದು ತುಂಡು. ಒಂದೇ ಬಗೆಯ ರಿಮ್ ಇರುವುದನ್ನು ಆರಿಸಿಕೊಂಡರೆ ತುಟಿಗೆ ತಾಗುವುದು ಬದಲಾಗುವುದಿಲ್ಲ. ಅದರ ಕೆಳಗೆ ಆರ್ಕೆಸ್ಟ್ರಾಕ್ಕೆ ಆಳದ್ದು, ಲೀಡ್‌ಗೆ ಆಳ ಕಡಿಮೆಯದು. ನಾನು ಈಗ ಬಳಸುವುದು ಈ ಎರಡನೇ ದಾರಿ. ಬೇರೆ ಬೇರೆ ರಿಮ್‌ಗಳ ನಡುವೆ ಓಡಾಡಿದಾಗ ಪ್ರತಿ ಸಲ ಮೊದಲ ಹತ್ತು ನಿಮಿಷ ಸ್ವರಗಳು ತಪ್ಪುತ್ತಿದ್ದವು. ರಿಮ್ ಒಂದೇ ಆದ ಮೇಲೆ ಅದು ನಿಂತಿತು. ಎರಡು ಕಪ್‌ಗಳಲ್ಲೂ ದಿನಾ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಲೇಬೇಕು. ಕಾರ್ಯಕ್ರಮದ ದಿನ ಮಾತ್ರ ಲೀಡ್ ಕಪ್ ತೆಗೆದರೆ ಅದು ಮಾತು ಕೇಳುವುದಿಲ್ಲ.

ಟ್ರಂಪೆಟ್‌ನ ಸೋದರ ವಾದ್ಯಗಳಾದ ಕಾರ್ನೆಟ್, ಫ್ಲೂಗಲ್‌ಹಾರ್ನ್ ಬೇರೆ. ಕಾರ್ನೆಟ್ ಮೌತ್‌ಪೀಸ್‌ನ ಶ್ಯಾಂಕ್, ಅಂದರೆ ವಾದ್ಯದೊಳಗೆ ಹೋಗುವ ಕಡ್ಡಿ, ಗಿಡ್ಡ ಮತ್ತು ಸಣ್ಣ. ಟ್ರಂಪೆಟ್‌ಗೆ ಅದು ಕೂರುವುದಿಲ್ಲ. ಫ್ಲೂಗಲ್‌ಹಾರ್ನ್‌ಗೆ ಬೇಕಾಗುವುದು ಲಾಳಿಕೆಯಂಥ ಆಳದ ಕಪ್. ಅದರ ಶ್ಯಾಂಕ್‌ನಲ್ಲೂ ಒಂದಕ್ಕಿಂತ ಹೆಚ್ಚು ಅಳತೆಗಳಿವೆ, ನಿಮ್ಮ ವಾದ್ಯಕ್ಕೆ ಯಾವುದು ಅಂತ ನೋಡಿಯೇ ಕೊಳ್ಳಿ. ಪಿಕೊಲೊ ಟ್ರಂಪೆಟ್‌ಗೆ ಮಾಮೂಲಿಗಿಂತ ಆಳ ಕಡಿಮೆ ಇರುವುದು ಒಳ್ಳೆಯದು, ಇಲ್ಲದಿದ್ದರೆ ಮೇಲೆ ಶ್ರುತಿ ಇಳಿಯುತ್ತದೆ. ಮೂರರಲ್ಲೂ ನಿಮ್ಮ ಟ್ರಂಪೆಟ್ ರಿಮ್‌ಗೆ ಹತ್ತಿರದ ರಿಮ್ ಹುಡುಕಿ.

ಲೋಹ, ಲೇಪ, ತೂಕ

ಬಹುತೇಕ ಎಲ್ಲವೂ ಹಿತ್ತಾಳೆ, ಮೇಲೆ ಬೆಳ್ಳಿ ಲೇಪ. ಚಿನ್ನದ ಲೇಪ ತುಟಿಗೆ ಸ್ವಲ್ಪ ಜಾರು, ಬೆಚ್ಚಗಿನ ಸ್ಪರ್ಶ. ಬೆಳ್ಳಿಗೆ ಚರ್ಮ ಕೆಂಪಾಗುವವರಿಗೆ ಅದು ನಿಜವಾದ ಪರಿಹಾರ. ನಾದಕ್ಕಾಗಿ ಚಿನ್ನದ ಲೇಪಕ್ಕೆ ದುಡ್ಡು ಹಾಕಬೇಡಿ ಅನ್ನುತ್ತೇನೆ. ಲೇಪ ಸವೆದು ಹಿತ್ತಾಳೆ ಕಾಣುತ್ತಿದ್ದರೆ ಮತ್ತೆ ಲೇಪ ಹಾಕಿಸುವ ತನಕ ತುಟಿಗೆ ಇಡಬೇಡಿ. ಚಳಿಯಲ್ಲಿ ಹೊರಗೆ ನುಡಿಸುವ ಮಾರ್ಚಿಂಗ್ ಬ್ಯಾಂಡ್‌ನವರಿಗೆ ಪ್ಲಾಸ್ಟಿಕ್‌ನದು ಅನುಕೂಲ, ತುಟಿಗೆ ತಣ್ಣಗೆ ಕೊರೆಯುವುದಿಲ್ಲ.

ಹೊರಗೋಡೆ ದಪ್ಪಗಿರುವ ಭಾರದ ಮೌತ್‌ಪೀಸ್‌ಗಳೂ ಇವೆ. ಜೋರಾಗಿ ಊದಿದಾಗ ನಾದ ಚದುರುವುದಿಲ್ಲ ಅಂತ ಕೆಲವರಿಗೆ ಇಷ್ಟ. ನನಗೆ ಮೆಲ್ಲಗೆ ನುಡಿಸುವಾಗ ಅದು ಮೊಂಡು ಅನ್ನಿಸುತ್ತದೆ.

ಪರೀಕ್ಷೆ ಮಾಡುವ ಬಗೆ

ಒಂದು ಅಂಗಡಿಯಲ್ಲಿ ನಾನು ಹನ್ನೆರಡು ಮೌತ್‌ಪೀಸ್‌ಗಳನ್ನು ಒಂದೇ ಮಧ್ಯಾಹ್ನ ಊದಿ, ಕೊನೆಯದನ್ನು ಕೊಂಡು ಬಂದೆ. ಮನೆಗೆ ಬಂದು ಮರುದಿನ ಊದಿದರೆ ಅದು ನಾನು ಕೇಳಿದ ನಾದವೇ ಅಲ್ಲ. ಐದಾರು ಆದ ಮೇಲೆ ತುಟಿ ದಣಿದಿರುತ್ತದೆ, ಕಿವಿಯೂ ದಣಿದಿರುತ್ತದೆ. ಒಂದು ಸಲಕ್ಕೆ ಮೂರು ಸಾಕು. ಅದರಲ್ಲಿ ಒಂದು ನೀವು ಈಗ ಬಳಸುತ್ತಿರುವುದೇ ಆಗಿರಲಿ.

ತುಟಿ ಹೊಸದಾಗಿರುವಾಗ, ಹದಿನೈದು ನಿಮಿಷ ಬೆಚ್ಚಗಾದ ಮೇಲೆ ಶುರು ಮಾಡಿ. ಮೊದಲು ಸ್ಟಾಫ್‌ನ ಒಳಗಿನ ಜಿ, ಮೆಲ್ಲಗೆ, ಉದ್ದಕ್ಕೆ. ತಡವಿಲ್ಲದೆ ಸ್ವರ ಹೊರಡುತ್ತದೆಯೇ ಕೇಳಿ. ಆಮೇಲೆ ಕೆಳಗಿನ ಸಿಯಿಂದ ಮೇಲಿನ ಸಿ ತನಕ ಸ್ಲರ್. ಆಮೇಲೆ ಕೆಳಗಿನ ಎಫ್ ಶಾರ್ಪ್, ಅಲ್ಲಿ ನಾದ ತೆಳುವಾದರೆ ಕಪ್ ನಿಮಗೆ ತೀರಾ ಚಿಕ್ಕದು. ಆಮೇಲೆ ಟಂಗಿಂಗ್, ಅಂದರೆ ನಾಲಿಗೆಯಿಂದ ಸ್ವರಗಳನ್ನು ಬಿಡಿಬಿಡಿಯಾಗಿ ಶುರು ಮಾಡುವುದು. ಕೊನೆಗೆ ನೀವು ನಿಜವಾಗಿ ನುಡಿಸುವ ಒಂದು ತುಣುಕು. ಟ್ಯೂನರ್ ಮುಂದೆ ಇಟ್ಟುಕೊಳ್ಳಿ, ಆದರೆ ಸ್ವರ ಹಿಡಿದ ಮೇಲೆ ನೋಡಿ. ಮೊದಲೇ ನೋಡಿದರೆ ತುಟಿ ತಾನಾಗಿ ಸರಿಮಾಡಿಕೊಂಡುಬಿಡುತ್ತದೆ.

ಟ್ರಂಪೆಟ್ ಹಿಂದೆ ನಿಂತವರಿಗೆ ಕೇಳುವುದೇ ಬೇರೆ, ಮುಂದೆ ಕೂತವರಿಗೆ ಕೇಳುವುದೇ ಬೇರೆ. ಆಳದ ಕಪ್ ನಮ್ಮ ಕಿವಿಗೆ ಭರ್ಜರಿಯಾಗಿ ಕೇಳಿ, ಹಾಲ್‌ನ ಕೊನೆಗೆ ಮಂಕಾಗಿ ತಲುಪಬಹುದು. ಗೆಳೆಯರೊಬ್ಬರನ್ನು ದೂರದಲ್ಲಿ ಬೆನ್ನು ಮಾಡಿ ಕೂರಿಸಿ, ಯಾವುದು ಅಂತ ಹೇಳದೆ ಮೂರನ್ನೂ ನುಡಿಸಿ. ಫೋನ್‌ನಲ್ಲಿ ರೆಕಾರ್ಡ್ ಮಾಡುವುದಾದರೆ ಅದನ್ನೂ ಕೋಣೆಯ ಆ ತುದಿಯಲ್ಲಿಡಿ. ಎರಡು ಸಲ ನಾನು ಇಷ್ಟಪಟ್ಟದ್ದನ್ನು ಬಿಟ್ಟು ಗೆಳೆಯರು ಹೇಳಿದ್ದನ್ನು ಇಟ್ಟುಕೊಂಡೆ. ಎರಡೂ ಸಲ ಅವರು ಹೇಳಿದ್ದೇ ಸರಿಯಾಗಿತ್ತು.

ವಾದ್ಯಕ್ಕೆ ಹೇಗೆ ಕೂರುತ್ತದೆ ಅನ್ನುವುದನ್ನೂ ನೋಡಿ. ಶ್ಯಾಂಕ್ ಸುಮಾರು ಎರಡೂವರೆ ಸೆಂಟಿಮೀಟರ್ ಒಳಗೆ ಹೋಗಿ ಅಲ್ಲಾಡದೆ ನಿಲ್ಲಬೇಕು. ಶ್ಯಾಂಕ್‌ನ ತುದಿಗೂ ಒಳಗಿನ ಲೀಡ್‌ಪೈಪ್, ಅಂದರೆ ವಾದ್ಯದ ಮೊದಲ ಕೊಳವೆ, ಶುರುವಾಗುವ ಜಾಗಕ್ಕೂ ನಡುವೆ ಚಿಕ್ಕ ಸಂದು ಇರುತ್ತದೆ. ಬಹಳ ವಾದ್ಯಗಳಲ್ಲಿ ಅದು ಮೂರು ಮಿಲಿಮೀಟರ್ ಆಸುಪಾಸು. ಅದು ಹೆಚ್ಚು ಕಡಿಮೆ ಆದರೆ ಸ್ವರಗಳು ಕೂರುವ ರೀತಿ ಬದಲಾಗುತ್ತದೆ. ಗೆಳೆಯರ ಟ್ರಂಪೆಟ್‌ನಲ್ಲಿ ಅದ್ಭುತ ಅನ್ನಿಸಿದ್ದು ನಿಮ್ಮದರಲ್ಲಿ ಸಪ್ಪೆ ಅನ್ನಿಸಿದರೆ ಮೊದಲು ಇದನ್ನೇ ಅನುಮಾನಿಸಿ. ಹಳೆಯದನ್ನು ಕೊಳ್ಳುವಾಗ ಶ್ಯಾಂಕ್‌ನ ತುದಿ ದುಂಡಗಿದೆಯೋ, ಕೆಳಗೆ ಬಿದ್ದು ನೆಗ್ಗಿದೆಯೋ ನೋಡಿ. ರಿಮ್ ಮೇಲೆ ಬೆರಳಾಡಿಸಿ. ಉಗುರಿಗೆ ಸಿಗುವ ಗೀರು ಇದ್ದರೆ ತುಟಿಗೂ ಸಿಗುತ್ತದೆ.

ಆರಿಸಿದ ಮೇಲೆ ಮೂರು ವಾರ ಅದೊಂದನ್ನೇ ನುಡಿಸಿ. ಮೊದಲ ವಾರ ಹೊಸದರ ಹುಮ್ಮಸ್ಸು, ಎಲ್ಲವೂ ಚೆನ್ನಾಗಿರುತ್ತದೆ. ಎರಡನೇ ವಾರ ಹಳೆಯ ಅಭ್ಯಾಸ ಎಳೆಯುತ್ತದೆ, ಎಲ್ಲವೂ ಕೆಟ್ಟಿದೆ ಅನ್ನಿಸುತ್ತದೆ. ಆ ಎರಡೂ ವಾರಗಳ ಮಾತು ಕೇಳಬೇಡಿ. ಮೂರನೇ ವಾರ ಹಳೆಯ ಮೌತ್‌ಪೀಸ್ ಹೊರಗೆ ತೆಗೆದು ಎರಡರಲ್ಲೂ ಅದೇ ತುಣುಕನ್ನು ರೆಕಾರ್ಡ್ ಮಾಡಿ. ಒಂದು ರಾತ್ರಿ ಬಿಟ್ಟು ಬೆಳಗ್ಗೆ ಕೇಳಿ.